ತೋಡಿಯ ಗಾಂಧಾರ ಬರೆಯಲು ಹೋಗಿ

ಒಂಬತ್ತು ನಿಮಿಷದ ಕೃತಿ. ಬರೆದು ಮುಗಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲ ತಿಂದದ್ದು ಒಂದೇ ಒಂದು ಸ್ವರ, ತೋಡಿ ರಾಗದ ಗಾಂಧಾರ, ಅಂದರೆ ಸರಿಗಮದ ‘ಗ’.

ನಾನು ಮೈಸೂರಿನಲ್ಲಿ ಕರ್ನಾಟಕ ಪಿಟೀಲು ಕಲಿತವನು. ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಪಾಶ್ಚಾತ್ಯ ಸಂಗೀತ ಬರೆಯುವ ಕ್ರಮ, ಕಲಿತದ್ದು ಕಾಲೇಜು ಮುಗಿದ ಮೇಲೆ. ಈಗ ಸ್ಟ್ರಿಂಗ್ ಕ್ವಾರ್ಟೆಟ್‌ಗೆ ಬರೆಯುತ್ತೇನೆ. ಎರಡು ವಯೊಲಿನ್, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ಒಂದು ವಿಯೋಲಾ, ಕಾಲುಗಳ ನಡುವೆ ಇಟ್ಟು ನುಡಿಸುವ ಒಂದು ಚೆಲ್ಲೋ. ‘ಮೈಸೂರಿನವನಿಗೆ ಇದೆಲ್ಲ ಯಾಕೆ’ ಅಂತ ಕೇಳುವವರಿಗೆ ಒಂದು ಉತ್ತರ ಸಿದ್ಧ ಇಟ್ಟುಕೊಂಡಿದ್ದೇನೆ. ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕೇಳಿಸಿದ್ದು ಜಯಚಾಮರಾಜ ಒಡೆಯರ್ ಅವರ ಹಣದ ಬೆಂಬಲದಿಂದ. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು. ನಾನೂ ಆ ಊರಿನವನೇ, ಅಷ್ಟೇ.

ಮೊದಲು ಷಡ್ಜ, ಅಂದರೆ ಆಧಾರದ ‘ಸ’, ಎಲ್ಲಿಡುವುದು ಅಂತ ನೋಡಿದೆ. ನಾಲ್ಕೂ ವಾದ್ಯಗಳಲ್ಲಿ ಬೆರಳಿಡದೆ ಬಿಟ್ಟ ತಂತಿಯಾಗಿ ಸಿಗುವ ಸ್ವರಗಳು ಮೂರು: ಜಿ, ಡಿ, ಎ. ಜಿಯನ್ನು ಷಡ್ಜ ಮಾಡಿದರೆ ಡಿ ಪಂಚಮ. ಸ-ಪ ಎರಡೂ ನಾಲ್ವರ ಹತ್ತಿರವೂ ತಂತಿಯಲ್ಲೇ ಇವೆ, ತಂಬೂರಿಯೇ ಬೇಡ. ಇಷ್ಟು ಒಂದು ಸಂಜೆಯ ಕೆಲಸ. ಆಮೇಲೆ ಶುರುವಾಯಿತು ಗೋಳು.

ಮೊದಲ ಸಲ ಗಾಂಧಾರವನ್ನು ಒಂದು ಸ್ವರವಾಗಿ, ಬಿ ಫ್ಲಾಟ್ ಅಂತ ಬರೆದೆ. ವಾದಕರು ಬರೆದದ್ದನ್ನು ಬರೆದ ಹಾಗೇ ನುಡಿಸಿದರು. ಹಿಂದೂಸ್ತಾನಿಯ ಭೈರವಿ ರಾಗ ಆಯಿತು! ಸ್ವರಸ್ಥಾನ ಎಲ್ಲ ಒಂದೇ, ಸ್ವರವನ್ನು ತೂಗಿಸುವ ಗಮಕ ಇಲ್ಲ ಅಂದರೆ ತೋಡಿ ಅಲ್ಲೆಲ್ಲಿ ಉಳಿಯುತ್ತದೆ? ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರ ಅಲ್ಲ. ಕೆಳಗೆ ರಿಷಭ ಮುಟ್ಟಿ ಮೇಲೆ ಮಧ್ಯಮದ ಕಡೆಗೆ ತೂಗಿ ಬರುತ್ತದೆ. ಆ ತೂಗಾಟಕ್ಕೇ ನಾವು ಗಾಂಧಾರ ಅನ್ನುತ್ತೇವೆ.

ಎರಡನೇ ಸಲ ಪ್ರತಿ ತೂಗನ್ನೂ ಚಿಕ್ಕ ಚಿಕ್ಕ ಸ್ವರ ಮಾಡಿ ಬರೆದೆ. ಹಾಳೆ ಕಪ್ಪಾಯಿತು. ಪಾಪ, ನಾಲ್ವರೂ ಎಣಿಸಿ ಎಣಿಸಿ ನುಡಿಸಿದರು. ಹೊಲಿಗೆ ಯಂತ್ರ ಓಡಿದ ಹಾಗಿತ್ತು. ಮೂರನೇ ಸಲ ಸ್ವರದ ಮೇಲೆ ಅಲೆಯಂಥ ಗೆರೆ ಎಳೆದೆ. ಅವರಿಗೆ ಅದು ವೈಬ್ರಾಟೊ ಅನ್ನಿಸಿತು. ವೈಬ್ರಾಟೊ ಅಂದರೆ ಸ್ವರ ನಿಂತಲ್ಲೇ ನಡುಗುವುದು. ನಮ್ಮ ತೂಗಾಟದ ಗಮಕ, ಕಂಪಿತ, ಊರು ಬಿಟ್ಟು ಊರಿಗೆ ಹೋಗಿ ಬರುತ್ತದೆ. ಇದನ್ನು ವಿವರಿಸುತ್ತಾ ಇದ್ದಾಗ ವಿಯೋಲಾ ನುಡಿಸುವವರು, ‘ಸರ್, ಬರೆದದ್ದು ಬಿಡಿ, ಒಂದ್ಸಲ ಹಾಡಿ ತೋರಿಸಿ’ ಅಂದರು. ಹಾಡಿದೆ. ಅವರು ಬೆರಳನ್ನು ತಂತಿಯ ಮೇಲೆ ಜಾರಿಸಿ ಜಾರಿಸಿ ನೋಡಿದರು. ನಾವು ನೆಲದ ಮೇಲೆ ಕೂತು ಪಿಟೀಲಿನ ತಲೆಯನ್ನು ಬಲಗಾಲಿನ ಮೇಲೆ ಇಡುತ್ತೇವೆ. ಎಡಗೈಗೆ ವಾದ್ಯ ಹೊರುವ ಕೆಲಸವೇ ಇಲ್ಲ. ಅವರ ಎಡಗೈ ಅಷ್ಟು ಆರಾಮಾಗಿ ಓಡಾಡುವುದಿಲ್ಲ. ಅವತ್ತಿನವರೆಗೂ ಇದು ನನಗೆ ಹೊಳೆದೇ ಇರಲಿಲ್ಲ.

ಮನೆಗೆ ಬಂದು ಒಂದು ವಾರ ಏನೂ ಬರೆಯಲಿಲ್ಲ. ಇಟಲಿಯ ಜಿಯಾಚಿಂಟೊ ಶೆಲ್ಸಿ 1959ರಲ್ಲಿ ವಾದ್ಯವೃಂದಕ್ಕೆ ನಾಲ್ಕು ತುಣುಕು ಬರೆದಿದ್ದಾರೆ, ಒಂದೊಂದು ತುಣುಕಿಗೂ ಒಂದೊಂದೇ ಸ್ವರ. ಮೊದಲ ಸಲ ಕೇಳಿದಾಗ ‘ಯಾವಾಗ ಶುರು ಮಾಡ್ತಾರಪ್ಪಾ’ ಅಂತ ಕಾಯುತ್ತಾ ಕೂತಿದ್ದೆ. ಈ ಸಲ ಮತ್ತೆ ಹಾಕಿಕೊಂಡೆ. ಹುಡುಗನಾಗಿದ್ದಾಗ ಮೇಷ್ಟ್ರು ತಂಬೂರಿ ಶ್ರುತಿ ಮಾಡುವುದನ್ನು ಕೇಳುತ್ತಾ ಕೂರುತ್ತಿದ್ದದ್ದು ನೆನಪಾಯಿತು. ಪಾಠಕ್ಕಿಂತ ನನಗೆ ಅದೇ ಇಷ್ಟ ಇತ್ತು, ಸತ್ಯ ಹೇಳಬೇಕಂದ್ರೆ.

ಹಾಗಾಗಿ ತೋಡಿ ಹಾಡಿಸುವ ಆಸೆ ಬಿಟ್ಟೆ. ಒಂದು ತೂಗನ್ನು ಮಾತ್ರ ತೆಗೆದುಕೊಂಡು ಎಳೆದೆ. ಚೆಲ್ಲೋ ಷಡ್ಜ ಹಿಡಿದಿರುತ್ತದೆ. ವಿಯೋಲಾ ರಿಷಭದಿಂದ ಮಧ್ಯಮಕ್ಕೆ ಹನ್ನೊಂದು ಸೆಕೆಂಡಿನಲ್ಲಿ ಜಾರುತ್ತದೆ. ಅದು ಗಾಂಧಾರ ದಾಟುವ ಹೊತ್ತಿಗೆ ಸರಿಯಾಗಿ ವಯೊಲಿನ್‌ಗಳು ಸುಮ್ಮನಾಗುತ್ತವೆ. ಬರೆಯಲು ಎರಡು ಸಾಲು ಸಾಕಾಯಿತು.

ಕಂಪ್ಯೂಟರಿನಲ್ಲಿ ಕೇಳಿದಾಗ ಇದೆಲ್ಲ ತೀರಾ ಸಪ್ಪೆ. ಹೊಸದಾಗಿ ಬರೆಯುವವರಿಗೆ ಹೇಳುತ್ತೇನೆ, ಆ ಪ್ಲೇಬ್ಯಾಕ್ ನಂಬಬೇಡಿ. ಅದಕ್ಕೆ ಕಮಾನು ಮುಗಿಯುವುದಿಲ್ಲ, ಕೈ ಸೋಲುವುದಿಲ್ಲ, ಹಾಳೆ ತಿರುವಬೇಕಾಗಿಲ್ಲ. ಎಲ್ಲಕ್ಕಿಂತ ಮೆತ್ತಗಿನ ಜಾಗದಲ್ಲಿ ವಿಯೋಲಾದವರು ಹಾಳೆ ತಿರುವುವ ಹಾಗೆ ಮಾಡಿಟ್ಟಿದ್ದೆ. ಜೆರಾಕ್ಸ್ ಮಾಡಿಸಿ, ಮೂರು ಹಾಳೆ ಅಕ್ಕಪಕ್ಕ ಅಂಟಿಸಿ ಕೊಡಬೇಕಾಯಿತು.

ಕೊನೆಯ ರಿಹರ್ಸಲ್ ಬೆಂಗಳೂರಿನ ಒಂದು ಹಳೆಯ ಹಾಲ್‌ನಲ್ಲಿ. ಚೆಲ್ಲೋದ ಬಿಟ್ಟ ಜಿ ತಂತಿಯ ನಾದ ಅಲುಗಾಡುತ್ತಾ ಇತ್ತು. ಸೆಕೆಂಡಿಗೆ ಎರಡು ಸಲ, ವಂಯ್, ವಂಯ್. ಚೆಲ್ಲೋದವರು ಮೂರು ಸಲ ಶ್ರುತಿ ನೋಡಿದರು, ಸರಿಯಾಗೇ ಇದೆ. ನನಗೆ ಅವರ ಕೈ ಮೇಲೇ ಅನುಮಾನ. ಆಮೇಲೆ ಯಾರೋ ಮೇಲೆ ನೋಡಿದರು. ಹಳೇ ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಡುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಚೋಕಿನ ಸದ್ದು ಅದರ ಎರಡರಷ್ಟು, 100. ಚೆಲ್ಲೋದ ಜಿ 98. ಆ ಎರಡರ ವ್ಯತ್ಯಾಸವೇ ನಮಗೆ ಅಲೆಯಾಗಿ ಕೇಳುತ್ತಿತ್ತು! ಟ್ಯೂಬ್‌ಲೈಟ್ ಆರಿಸಿ, ಸ್ಟ್ಯಾಂಡಿಗೆ ಸಿಕ್ಕಿಸುವ ಪುಟ್ಟ ದೀಪಗಳಲ್ಲೇ ನುಡಿಸಿದರು. ಅಲೆ ನಿಂತಿತು. ನಿಂತ ಮೇಲೆ ಏನೋ ಕಳೆದುಕೊಂಡ ಹಾಗೂ ಅನ್ನಿಸಿತು.

ಕಾರ್ಯಕ್ರಮಕ್ಕೆ ಅಮ್ಮನೂ ಮೇಷ್ಟ್ರೂ ಮೈಸೂರಿನಿಂದ ಬಂದಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತೆ. ನಮ್ಮದೇ ಸಂಗೀತ ಕೇಳುವಾಗ ಸಂಗೀತ ಕೇಳುವುದಿಲ್ಲ ನೋಡಿ, ಮುಂದಿನವರ ಬೆನ್ನು ಕಾಣುತ್ತದೆ, ಕೆಮ್ಮು ಕೇಳುತ್ತದೆ. ಮುಗಿದ ಮೇಲೆ ಅಮ್ಮ, ‘ಚೆನ್ನಾಗಿತ್ತು ಕಣೋ. ಆದ್ರೆ ಮೊದ್ಲು ಎಷ್ಟು ಹೊತ್ತು ಶ್ರುತಿ ಮಾಡ್ಕೊಂಡ್ರು, ಅಲ್ವಾ?’ ಅಂದಳು. ಅದು ನನ್ನ ಮೊದಲ ಎರಡು ನಿಮಿಷ.

ಮೇಷ್ಟ್ರು ಆಟೋ ಹತ್ತುವವರೆಗೂ ಮಾತಾಡಲಿಲ್ಲ. ಆಮೇಲೆ, ‘ಗಾಂಧಾರ ಆ ದೊಡ್ಡ ಪಿಟೀಲಿನಲ್ಲಿತ್ತು, ಗೊತ್ತಾಯ್ತು. ಕೊನೇಲಿ ಅಂತರ ಗಾಂಧಾರ ಯಾಕೋ ಹಾಕ್ದೆ?’ ಅಂದರು. ಚೆಲ್ಲೋದ ಜಿ ತಂತಿಯನ್ನು ಐದನೇ ಒಂದು ಭಾಗದಲ್ಲಿ ಒತ್ತದೆ ಸುಮ್ನೆ ಮುಟ್ಟಿದರೆ ಅಂತರ ಗಾಂಧಾರ, ತೋಡಿಯದಕ್ಕಿಂತ ಒಂದು ಸ್ಥಾನ ಮೇಲಿನ ‘ಗ’, ತೆಳ್ಳಗೆ ಬರುತ್ತದೆ. ತಂಬೂರಿಯಲ್ಲಿ ತಾನಾಗಿ ಕೇಳುವ ಸ್ವಯಂಭೂ ಗಾಂಧಾರವೇ ಅದು. ಕೊನೆಯಲ್ಲಿ ತೋಡಿಯ ಗಾಂಧಾರದ ಪಕ್ಕದಲ್ಲೇ ಅದನ್ನು ಇಟ್ಟಿದ್ದೆ.

‘ನಾನು ಹಾಕಿದ್ದಲ್ಲ ಮೇಷ್ಟ್ರೇ, ತಂತಿಯೊಳಗೇ ಇತ್ತು.’

‘ತಂಬೂರಿ ಹಾಕಿದ್ರೆ ಸರಿ. ನೀನು ಬರೆದು ಹಾಕಿದ್ರೆ ತಪ್ಪು.’

ಮೊನ್ನೆ ಫೋನಿನಲ್ಲೂ ಅದನ್ನೇ ಹೇಳಿದರು. ಇನ್ನೊಂದು ಗುಂಪು ಈಗ ಹಾಳೆಗಳನ್ನು ಕೇಳಿದೆ. ಆ ಕೊನೆಯ ಸ್ವರದ ಸುತ್ತ ಪೆನ್ಸಿಲಿನಲ್ಲಿ ಕಂಸ ಹಾಕಿ ಕಳಿಸಿದ್ದೇನೆ. ನುಡಿಸಿದರೆ ನುಡಿಸಲಿ, ಬಿಟ್ಟರೆ ಬಿಡಲಿ.