ಅಂಚಿನಿಂದ ಶುರು ಮಾಡಿ: ರೈಲಿನಲ್ಲೂ ಹೊಲಿಯಬಹುದಾದ ಪುಟ್ಟ ಕೌದಿ

ಕೌದಿ, ಅಂದರೆ ಹಳೆ ಬಟ್ಟೆಗಳ ಹೊದಿಕೆ, ಹೊಲಿಯಲು ಹೊರಟವರ ಮನೆಯಲ್ಲಿ ಅಲ್ಮೇರಾ ಮೇಲೆ ಒಂದು ಗಂಟು ಇದ್ದೇ ಇರುತ್ತದೆ. ಬಿಚ್ಚಿದರೆ ಅರ್ಧ ಹೊಲಿದ ಕೌದಿ. ಅಂಚು ಬಿಗಿದುಕೊಂಡು, ನಡುವೆ ಪೂರಿಯ ಹಾಗೆ ಉಬ್ಬಿ ಕೂತಿರುತ್ತದೆ. ಇಂಥ ಗಂಟುಗಳನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ತಪ್ಪು ಎರಡೇ. ಮೊದಲ ಸಲವೇ ಡಬಲ್ ಕಾಟ್ ಅಳತೆಗೆ ಕೈ ಹಾಕುವುದು, ಮತ್ತೆ ದಾರವನ್ನು ಜಗ್ಗಿ ಎಳೆಯುವುದು.

ಮೊದಲ ಕೌದಿ 18 ಇಂಚು ಚೌಕ ಇರಲಿ, ಅದಕ್ಕಿಂತ ದೊಡ್ಡದು ಬೇಡ. ಗೋಡೆಗೆ ತೂಗುಹಾಕಬಹುದು, ಕುರ್ಚಿಯ ಮೇಲೆ ಹಾಸಬಹುದು. ಬ್ಯಾಗಿನಲ್ಲಿ ಮಡಿಸಿಟ್ಟುಕೊಂಡು ಪ್ರಯಾಣದಲ್ಲೂ ಹೊಲಿಯಬಹುದು.

ಸಾಮಾನ್ಯವಾಗಿ ಕೌದಿ ಎಂದರೆ ಹಳೆ ಸೀರೆಗಳನ್ನು ನೆಲದ ಮೇಲೆ ಪದರ ಪದರವಾಗಿ ಹಾಸಿ, ಮೇಲೆ ತೇಪೆ ಜೋಡಿಸಿ, ಎಲ್ಲವನ್ನೂ ಕಚ್ಚಾ ಹೊಲಿಗೆಯಲ್ಲಿ (ಆಮೇಲೆ ಬಿಚ್ಚುವ ಉದ್ದ ಹೊಲಿಗೆ) ಹಿಡಿದು, ಆಮೇಲೆ ಹೊಲಿಯುವುದು. ಅದಕ್ಕೆ ಇಡೀ ಪಡಸಾಲೆ ಬೇಕು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರದು ಬೇರೆ ದಾರಿ. ಅವರು ಅಂಚಿನಿಂದ ಶುರು ಮಾಡಿ, ಸುತ್ತು ಸುತ್ತಾಗಿ ಒಳಗೆ ಬರುತ್ತಾರೆ. ತೇಪೆಯನ್ನು ಆಗಿಂದಾಗಲೇ ಆರಿಸಿ, ಇಟ್ಟು, ಹೊಲಿದು ಮುಂದೆ ಹೋಗುತ್ತಾರೆ. ತೊಡೆಯ ಮೇಲಿನ ಜಾಗ ಸಾಕು. ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ.

ಬಟ್ಟೆ ಮತ್ತು ದಾರ

ಹತ್ತಿ ಬಟ್ಟೆ ಮಾತ್ರ. ಹಳೆ ಸೀರೆ, ಲುಂಗಿ, ಪಂಚೆ, ಮಕ್ಕಳ ಫ್ರಾಕು ಏನಾದರೂ ನಡೆಯುತ್ತದೆ. ಟೈಲರ್ ಅಂಗಡಿಗೆ ಹೋಗಿ ‘ಅಣ್ಣಾ, ಕಾಟನ್ ತುಂಡು ಇದ್ರೆ ಕೊಡಿ’ ಅಂದರೆ ಚೀಲ ತುಂಬಾ ಕೊಡುತ್ತಾರೆ. ಅನುಮಾನ ಬಂದರೆ ಒಂದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಸುಟ್ಟ ಕಾಗದದ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಎಲ್ಲವನ್ನೂ ಒಮ್ಮೆ ಒಗೆದು ಇಸ್ತ್ರಿ ಮಾಡಿ. ಕೆಂಪು, ಕಡುನೀಲಿ ಬಟ್ಟೆಯನ್ನು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಮತ್ತೆ ಮತ್ತೆ ಒಗೆಯಿರಿ, ಆಗಲೂ ಬಿಟ್ಟರೆ ಪಕ್ಕಕ್ಕಿಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವುದನ್ನು ನಂಬಬೇಡಿ.

ಹೊಳೆಯುವ ಪಾಲಿಯೆಸ್ಟರ್ ರೀಲು ಬೇಡವೇ ಬೇಡ. ಮೆತ್ತಗಾದ ಹಳೆ ಹತ್ತಿ ಬಟ್ಟೆಗೆ ಅದು ಹೊಂದುವುದಿಲ್ಲ. ದಪ್ಪ ಹತ್ತಿ ದಾರ ತನ್ನಿ, ಇಲ್ಲವೇ ಕಸೂತಿ ದಾರದ ಮೂರು ಎಳೆ ಬಳಸಿ. ದಾರಕ್ಕೆ ಒಮ್ಮೆ ಮೇಣ ಸವರಿದರೆ ಗಂಟು ಬೀಳುವುದು ಕಡಿಮೆ. ಒಂದೂವರೆ ಅಡಿಗಿಂತ ಉದ್ದ ದಾರ ಪೋಣಿಸಬೇಡಿ. ಪದೇ ಪದೇ ಪೋಣಿಸಲು ಬೇಜಾರಾಗಿ ಎಲ್ಲರೂ ಮಾರುದ್ದ ಪೋಣಿಸುತ್ತಾರೆ, ಆಮೇಲೆ ಸಿಕ್ಕು ಬಿಡಿಸುತ್ತಾ ಕೂರುತ್ತಾರೆ.

ತಳ

ಕೆಳಗಿನ ಬಟ್ಟೆ 19 ಇಂಚು ಚೌಕ. ಒಳಗೆ 18 ಇಂಚಿನ ಎರಡು ಪದರ ಹಳೆ ಪಂಚೆ. ಕೆಳಗಿನ ಬಟ್ಟೆಯ ಅಂಚನ್ನು ನಾಲ್ಕೂ ಕಡೆ ಅರ್ಧ ಇಂಚು ಒಳಪದರದ ಮೇಲೆ ಮಡಿಸಿ ಇಸ್ತ್ರಿ ಹಾಕಿ. ನಡುವೆ ಅಡ್ಡಕ್ಕೊಂದು, ಉದ್ದಕ್ಕೊಂದು ಕಚ್ಚಾ ಹೊಲಿಗೆ ಹಾಕಿ. ತೇಪೆಗಳು ಅಲ್ಲಿಗೆ ಬಂದ ಹಾಗೆ ಅದನ್ನು ಬಿಚ್ಚುತ್ತಾ ಹೋಗಬೇಕು.

ಅಂಗಡಿಯಲ್ಲಿ ಕೌದಿಯ ಒಳಪದರಕ್ಕೆಂದೇ ಪಾಲಿಯೆಸ್ಟರ್ ನಾರಿನ ಮೆತ್ತನೆ ಹಾಳೆ ತೋರಿಸುತ್ತಾರೆ. ತೆಗೆದುಕೊಳ್ಳಬೇಡಿ. ಉಬ್ಬಿಕೊಂಡು ಕೂರುತ್ತದೆ, ಅದರ ಎಳೆಗಳು ಬಟ್ಟೆಯಿಂದ ಹೊರಗೆ ಇಣುಕುತ್ತವೆ. ಬಟ್ಟೆಗೆ ಹಚ್ಚುವ ಗೋಂದೂ ಬೇಡ. ಒಣಗಿ ಗಟ್ಟಿಯಾದ ಮೇಲೆ ಅಲ್ಲಿ ಸೂಜಿ ಇಳಿಯುವುದಿಲ್ಲ.

ಎಲ್ಲರೂ ಎಡವುವ ಜಾಗ: ಮಡಿಕೆ

ತೇಪೆಗಳನ್ನು 4 ಇಂಚು ಅಗಲಕ್ಕೆ ಕತ್ತರಿಸಿ. ಉದ್ದ ಹೆಚ್ಚುಕಡಿಮೆ ಇದ್ದರೆ ಚೆಂದವೇ. ಈಗ ಹೆಚ್ಚಿನವರು ಮಾಡುವುದು ಏನೆಂದರೆ, ಪ್ರತಿ ತೇಪೆಯ ನಾಲ್ಕೂ ಬದಿ ಮಡಿಸುವುದು. ಆಗ ಪದರದ ಮೇಲೆ ಪದರ ಸೇರಿ ಬಟ್ಟೆ ದಪ್ಪವಾಗಿ ಸೂಜಿ ಮುರಿಯುತ್ತದೆ. ಮಾಮೂಲಿ ತೇಪೆಗೆ ಎರಡೇ ಮಡಿಕೆ ಸಾಕು.

ನೀವು ಬಲಗೈಯಲ್ಲಿ ಹೊಲಿಯುವವರು ಅಂದುಕೊಳ್ಳೋಣ. ಹೊಲಿಗೆ ಬಲದಿಂದ ಎಡಕ್ಕೆ ಹೋಗುತ್ತದೆ. ಎಡಗೈಯವರು ಎಲ್ಲವನ್ನೂ ತಿರುಗಿಸಿ ಓದಿಕೊಳ್ಳಿ. ನಿಮ್ಮ ಹತ್ತಿರದ ಅಂಚಿನ ಬಲಮೂಲೆಯಲ್ಲಿ ಮೊದಲ ತೇಪೆ ಇಡಿ. ಹೊರಗಿನ ಎರಡು ಬದಿಗಳನ್ನು, ಅಂದರೆ ಕೆಳಗಿನದು ಮತ್ತು ಬಲಗಡೆಯದನ್ನು, ಅರ್ಧ ಇಂಚು ಒಳಕ್ಕೆ ಮಡಿಸಿ. ಮಡಿಕೆ ತಳದ ಅಂಚಿಗೆ ಸರಿಯಾಗಿ ಕೂರಬೇಕು. ಮೇಲಿನ ಬದಿ, ಎಡಬದಿ ಹಾಗೇ ಇರಲಿ. ಎರಡನೇ ತೇಪೆಗೆ ಕೆಳಗಿನ ಬದಿ, ಬಲಬದಿ ಮಡಿಸಿ, ಮೊದಲನೆಯದರ ಎಡಬದಿಯ ಮೇಲೆ ಅರ್ಧ ಇಂಚು ಏರಿಸಿ ಇಡಿ. ಹೀಗೇ ಮುಂದಕ್ಕೆ. ಬಿಟ್ಟ ಎಡಬದಿಯನ್ನು ಮುಂದಿನ ತೇಪೆ ಮುಚ್ಚುತ್ತದೆ, ಬಿಟ್ಟ ಮೇಲಿನ ಬದಿಯನ್ನು ಮುಂದಿನ ಸುತ್ತು ಮುಚ್ಚುತ್ತದೆ.

ಮೂಲೆಗೆ ಬಂದಾಗ ಆ ತೇಪೆಗೆ ಮೂರು ಮಡಿಕೆ: ಕೆಳಗೆ, ಬಲಕ್ಕೆ, ಎಡಕ್ಕೆ. ಅಲ್ಲಿಗೆ ತಲುಪಿದ ಮೇಲೆ ಬಟ್ಟೆಯನ್ನು ತಿರುಗಿಸಿ ಎಡಬದಿಯನ್ನು ನಿಮ್ಮ ಕಡೆಗೆ ತಂದುಕೊಳ್ಳಿ. ಕೈ ತಿರುಗಿಸಿ ಹೊಲಿಯಲು ಹೋಗಬೇಡಿ. ಸುತ್ತು ಮುಗಿಯುವಾಗ ಬರುವ ಕೊನೆಯ ತೇಪೆಗೂ ಮೂರು ಮಡಿಕೆ ಬೇಕು. ಅದರ ಎಡಬದಿಯನ್ನೂ ಮಡಿಸಿ ಮೊದಲ ತೇಪೆಯ ಮೇಲೆ ಕೂರಿಸಬೇಕು. ಇದನ್ನು ಮರೆತರೆ ಅಲ್ಲೊಂದು ಮಡಿಸದ ಅಂಚು ಉಳಿದು, ಎರಡನೇ ಒಗೆತಕ್ಕೆ ಎಳೆ ಬಿಡಲು ಶುರುವಾಗುತ್ತದೆ.

ಹೊಲಿಗೆ

ಸಾದಾ ಹೊಲಿಗೆ, ಸೂಜಿ ಮೇಲೆ ಕೆಳಗೆ ಹಾಯುತ್ತಾ ಮುಂದೆ ಹೋಗುವುದು. ಮೊದಲ ಸಾಲು ಹೊರ ಅಂಚಿಗೆ ಹತ್ತಿರ, ಆಮೇಲೆ ಅರ್ಧ ಬೆರಳಗಲ ಬಿಟ್ಟು ಇನ್ನೊಂದು, ಹೀಗೆ ತೇಪೆಯ ಒಳ ಅಂಚಿನವರೆಗೆ. ಬದಿಯ ಮಡಿಕೆಗಳನ್ನು ಪ್ರತ್ಯೇಕವಾಗಿ ಹೊಲಿಯಬೇಕಿಲ್ಲ. ಈ ಸಾಲುಗಳು ಅವನ್ನು ಅಡ್ಡ ಹಾದು ಹಿಡಿಯುತ್ತವೆ. ಸಾಲು ತುಸು ಸೊಟ್ಟಗಾದರೆ ಚಿಂತೆಯಿಲ್ಲ, ಆದರೆ ಸೂಜಿ ಎಲ್ಲ ಪದರ ದಾಟಿ ಕೆಳಗೆ ಕಾಣಲೇಬೇಕು.

ಸೂಜಿಯ ಮೇಲೆ ನಾಲ್ಕು ಹೊಲಿಗೆ ತೆಗೆದುಕೊಂಡು ದಾರ ಎಳೆದ ಮೇಲೆ, ಎಡಗೈ ಹೆಬ್ಬೆರಳಿನಿಂದ ಹೊಲಿದ ಜಾಗವನ್ನು ಬಲದಿಂದ ಎಡಕ್ಕೆ ಸವರಿ. ಬಿಗಿದ ದಾರ ಸಡಿಲಾಗಿ ಬಟ್ಟೆ ಚಪ್ಪಟೆಯಾಗುತ್ತದೆ. ಇದನ್ನು ಪ್ರತಿ ಸಲ ಮಾಡಬೇಕು. ಹೊರಗಿನ ಸಾಲು ಬಿಗಿಯಾದರೆ ಅಂಚು ಕುಗ್ಗುತ್ತದೆ. ಹೆಚ್ಚಾದ ಬಟ್ಟೆಯೆಲ್ಲ ನಡುವಿಗೆ ಸರಿಯುತ್ತದೆ. ಮೊದಲು ಹೇಳಿದ ಉಬ್ಬು ಬರುವುದು ಹೀಗೆ. ಒಂದು ಸುತ್ತು ಮುಗಿದ ಮೇಲೆ ಕೌದಿಯನ್ನು ಮೇಜಿನ ಮೇಲೆ ಹರಡಿ ನೋಡಿ. ನಡುವೆ ಎದ್ದು ನಿಂತಿದ್ದರೆ ಆ ಸುತ್ತು ಬಿಚ್ಚಿ. ಇಸ್ತ್ರಿ ಹಾಕಿದರೆ ಸರಿಹೋಗುತ್ತದೆ ಅನ್ನುವುದು ಸುಮ್ನೆ ಸಮಾಧಾನ, ಅಷ್ಟೇ.

ಸಿದ್ದಿ ಕೌದಿಯ ಮೂಲೆಗಳಲ್ಲಿ ತ್ರಿಕೋನದ ಪುಟ್ಟ ಮಡಿಕೆಗಳಿರುತ್ತವೆ, ಅವನ್ನು ಫೂಲ ಎನ್ನುತ್ತಾರೆ. ಅವಿಲ್ಲದ ಕೌದಿ ಬೆತ್ತಲೆ ಅಂತ ಅವರ ಮಾತು. 3 ಇಂಚಿನ ಚೌಕವನ್ನು ಕರ್ಣಕ್ಕೆ ಎರಡು ಸಲ ಮಡಿಸಿದರೆ ಫೂಲ ಸಿದ್ಧ. ಮೂಲೆಯ ತೇಪೆಯ ಕೆಳಗೆ ಸಿಕ್ಕಿಸಿ, ಚೂಪು ಹೊರಗೆ ಬರುವಂತೆ ಮೊದಲ ಸಾಲಿನಲ್ಲೇ ಹೊಲಿದುಬಿಡಿ. ಬಣ್ಣದ ವಿಷಯದಲ್ಲಿ ನಾನು ಹಟಮಾರಿ: ಒಂದೇ ಛಾಯೆಯ ನಾಜೂಕು ಜೋಡಣೆ ಕೌದಿಗೆ ಒಪ್ಪುವುದಿಲ್ಲ. ಹಳದಿ ಪಕ್ಕ ನೇರಳೆ, ಚೌಕಳಿ ಪಕ್ಕ ಹೂವು ಧೈರ್ಯವಾಗಿ ಇಡಿ. ಸಿದ್ದಿಯರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಅರ್ಧಚಂದ್ರ, ಶಿಲುಬೆ ಕೂರಿಸಿದ ಕೌದಿಗಳೂ ಇವೆ. ನಿಮಗೆ ಬೇಕಾದ ಗುರುತು ನೀವು ಹಾಕಿಕೊಳ್ಳಿ.

ಪ್ರಯಾಣಕ್ಕೆ

ಮೊದಲ ಸುತ್ತಿನ ನಾಲ್ಕು ಮೂಲೆ ಮನೆಯಲ್ಲೇ ಮುಗಿಸಿ. ರೈಲಿನಲ್ಲಿ ಉದ್ದ ಸಾಲುಗಳನ್ನು ಮಾತ್ರ ಹೊಲಿಯಿರಿ. ಬಸ್ಸಿನಲ್ಲಿ ಬೇಡ, ನಮ್ಮ ರಸ್ತೆ ನಿಮಗೆ ಗೊತ್ತೇ ಇದೆ. ಮುಂದಿನ ತೇಪೆಗಳನ್ನು ಮನೆಯಲ್ಲೇ ಕತ್ತರಿಸಿ, ಮಡಿಸಿ, ಇಸ್ತ್ರಿ ಹಾಕಿ, ಜಿಪ್ ಇರುವ ಕವರಿನಲ್ಲಿಡಿ. ಆರು ಸೂಜಿಗಳಿಗೆ ಮೊದಲೇ ದಾರ ಪೋಣಿಸಿ, ಬಟ್ಟೆಯ ಚೂರಿಗೆ ಸಾಲಾಗಿ ಚುಚ್ಚಿಟ್ಟುಕೊಳ್ಳಿ. ಇಳಿಯುವ ಮೊದಲು ಎಣಿಸಿ. ಸೀಟಿನಲ್ಲಿ ಉಳಿದ ಸೂಜಿ ಮುಂದಿನವರಿಗೆ, ಅದರಲ್ಲೂ ಮಕ್ಕಳಿಗೆ ಚುಚ್ಚುತ್ತದೆ ಅಲ್ವಾ? ದಾರ ಕತ್ತರಿಸಲು ನೇಲ್ ಕಟರ್ ಸಾಕು. ವಿಮಾನವಾದರೆ ಕತ್ತರಿಯನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ.

ಗುರುತು ಹಾಕಲು ಟೈಲರ್ ಚಾಕ್ ಒಯ್ಯಿರಿ. ಇಸ್ತ್ರಿಯ ಶಾಖಕ್ಕೆ ಮಾಯವಾಗುವ ಪೆನ್ನುಗಳು ಬಂದಿವೆ, ಆದರೆ ತೀರಾ ಚಳಿಯಲ್ಲಿ ಆ ಗೆರೆಗಳು ಮತ್ತೆ ಮೂಡುತ್ತವೆ. ವಿದೇಶದಲ್ಲಿರುವ ಮಗಳಿಗೆ ಕೌದಿ ಕಳಿಸುವವರು ಇದನ್ನು ನೆನಪಿಡಿ.

ನಡು

ಎರಡು ಸುತ್ತು ಮುಗಿದಾಗ ನಡುವೆ 5 ಇಂಚು ಖಾಲಿ ಉಳಿಯುತ್ತದೆ. 7 ಇಂಚಿನ ಚೌಕ ತೆಗೆದುಕೊಂಡು, ನಾಲ್ಕೂ ಬದಿ ಅರ್ಧ ಇಂಚು ಮಡಿಸಿ, ಅದರ ಮೇಲೆ ಕೂರಿಸಿ ಹೊಲಿಯಿರಿ. ದಾರದ ಕೊನೆಯ ಗಂಟನ್ನು ಪದರಗಳ ನಡುವೆ ಎಳೆದು ಮರೆಮಾಡಿ.

ತಣ್ಣೀರಿನಲ್ಲಿ ಕೈಯಲ್ಲೇ ಒಗೆಯಿರಿ. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ಗೋಡೆಗೆ ಹಾಕುವುದಾದರೆ ಮೊಳೆ ಹೊಡೆಯಬೇಡಿ. ಹಿಂದೆ ಮೇಲಂಚಿಗೆ 3 ಇಂಚು ಅಗಲದ ಪಟ್ಟಿಯನ್ನು ಕೊಳವೆಯಾಗಿ ಹೊಲಿದು, ಒಳಗೆ ಒಂದು ಕೋಲು ತೂರಿಸಿ.