ದುಡ್ಡು ಸೋರುವುದು ದಾರಿಯಲ್ಲಿ

ರಜೆ ಬಂತೆಂದರೆ ಶಿವಮೊಗ್ಗ, ಧಾರವಾಡ, ಹಾಸನದ ನೆಂಟರ ಫೋನ್ ಶುರುವಾಗುತ್ತದೆ. ಮಕ್ಕಳಿಗೆ ಬೆಂಗಳೂರು ತೋರಿಸಬೇಕು, ಖರ್ಚು ಹೆಚ್ಚಾಗಬಾರದು. ಆಮೇಲೆ ಪಟ್ಟಿ ಓದುತ್ತಾರೆ: ಬೆಳಗ್ಗೆ ಬನ್ನೇರುಘಟ್ಟ, ಮಧ್ಯಾಹ್ನ ಅರಮನೆ, ಸಂಜೆ ಇಸ್ಕಾನ್. ಬನ್ನೇರುಘಟ್ಟ ದಕ್ಷಿಣದ ತುದಿ, ಇಸ್ಕಾನ್ ರಾಜಾಜಿನಗರದ ಕಡೆ. ಅರ್ಧ ದಿನ ಸಿಗ್ನಲ್ಲುಗಳಲ್ಲೇ ಕಳೆಯುತ್ತದೆ, ಟ್ಯಾಕ್ಸಿಯ ಬಿಲ್ ಏರುತ್ತದೆ, ಹಸಿದ ಮಕ್ಕಳು ರಚ್ಚೆ ಹಿಡಿದಾಗ ಎದುರು ಸಿಕ್ಕ ಹೋಟೆಲಿಗೆ ನುಗ್ಗಿ ಹೇಳಿದಷ್ಟು ಕೊಟ್ಟು ಬರುತ್ತಾರೆ. ಈ ಊರಿನಲ್ಲಿ ಟಿಕೆಟ್ಟಿಗೆ ಹೋಗುವ ಹಣಕ್ಕಿಂತ ಅಲೆದಾಟಕ್ಕೆ ಹೋಗುವ ಹಣವೇ ಹೆಚ್ಚು. ಹಾಗಾಗಿ ದಿನಕ್ಕೊಂದು ದಿಕ್ಕು ಹಿಡಿಯಿರಿ, ಅಲ್ಲಿಯೇ ನಡೆದಾಡಿ.

ಮೊದಲ ದಿನ ಬಸವನಗುಡಿಯ ಕಡೆಗಿರಲಿ ಎನ್ನುತ್ತೇನೆ. ನಾನು ಈ ಕಡೆಯವಳು, ಪಕ್ಷಪಾತ ಇದ್ದೇ ಇದೆ. ಲಾಲ್‌ಬಾಗಿಗೆ ಬೆಳಕು ಹರಿಯುತ್ತಲೇ ಹೋಗಿ. ಒಂಬತ್ತು ಗಂಟೆಯೊಳಗಿನ ವಾಯುವಿಹಾರದ ಹೊತ್ತಿನಲ್ಲಿ ಟಿಕೆಟ್ ಇಲ್ಲ, ಬಿಸಿಲೂ ಇಲ್ಲ. ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನದ ದಿನಗಳ ಮಾತು ಬೇರೆ. ದರವೂ ಹೆಚ್ಚು, ನೂಕುನುಗ್ಗಲೂ ಹೆಚ್ಚು. ಎಲ್ಲರೂ ಗಾಜಿನ ಮನೆಯ ಮುಂದೆ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ಮಕ್ಕಳನ್ನು ಬಂಡೆಯ ಮೇಲೆ ಹತ್ತಿಸಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಅದರ ನೆತ್ತಿಯಲ್ಲಿ ಕೆಂಪೇಗೌಡರ ಗೋಪುರ. ಚಪ್ಪಲಿ ಬಿಟ್ಟು ನಿಂತರೆ ಬೆಳಗಿನ ಕಲ್ಲಿನ ತಣುಪು ಅಂಗಾಲಿಗೆ ತಾಗುತ್ತದೆ. ಹತ್ತು ಗಂಟೆಯ ಮೇಲೆ ಅದೇ ಕಲ್ಲು ಕಾಲು ಸುಡುತ್ತದೆ.

ಅಲ್ಲಿಂದ ಪಶ್ಚಿಮದ ಗೇಟಿನಿಂದ ಹೊರಬಿದ್ದು ಗಾಂಧಿ ಬಜಾರಿಗೆ ನಡೆದೇ ಹೋಗಬಹುದು. ವಿದ್ಯಾರ್ಥಿ ಭವನದ ದೋಸೆ ತಿನ್ನಲೇಬೇಕೆಂದಿದ್ದರೆ ಶುಕ್ರವಾರ ಬಿಟ್ಟು ಬನ್ನಿ, ಅಂದು ಅವರಿಗೆ ರಜೆ. ಕಾಯಲು ತಾಳ್ಮೆ ಇಲ್ಲದವರಿಗೆ ಸುತ್ತಮುತ್ತ ದರ್ಶಿನಿಗಳು ಬೇಕಾದಷ್ಟಿವೆ. ನಿಂತು ತಿಂದರೆ ಜೇಬಿಗೂ ಹಗುರ. ದೊಡ್ಡ ಗಣಪತಿ, ದೊಡ್ಡ ಬಸವ, ಪಕ್ಕದ ಬ್ಯೂಗಲ್ ರಾಕ್ ಉದ್ಯಾನ ಎಲ್ಲವೂ ಒಂದೇ ಕಡೆ ಇವೆ, ಒಂದಕ್ಕೂ ಪ್ರವೇಶ ಶುಲ್ಕವಿಲ್ಲ. ಕಾರ್ತಿಕದ ಕೊನೆಯ ಸೋಮವಾರದ ಹೊತ್ತಿಗೆ ಬಂದರೆ ಕಡಲೆಕಾಯಿ ಪರಿಷೆ. ಅದಕ್ಕಿಂತ ಅಗ್ಗದ, ಅದಕ್ಕಿಂತ ಸೊಗಸಾದ ಮನರಂಜನೆ ಈ ಊರಿನಲ್ಲಿ ನನಗಂತೂ ಗೊತ್ತಿಲ್ಲ.

ಎರಡನೆಯ ದಿನ ಕೃಷ್ಣರಾಜ ಮಾರುಕಟ್ಟೆ. ಮೆಟ್ರೋ ಅಲ್ಲಿಗೇ ಹೋಗುತ್ತದೆ. ಹೂವಿನ ವ್ಯಾಪಾರ ನೋಡಬೇಕಾದರೆ ಬೆಳಗ್ಗೆಯೇ ಹೋಗಬೇಕು. ಸೇವಂತಿಗೆಯ ರಾಶಿಯ ನಡುವೆ ಮಕ್ಕಳ ಕೈ ಬಿಡಬೇಡಿ, ಪರ್ಸನ್ನು ಒಳಜೇಬಿನಲ್ಲಿಡಿ. ಹತ್ತಿರದಲ್ಲೇ ಹಳೆಯ ಕೋಟೆಯ ಉಳಿದ ಭಾಗ. ಅಲ್ಲಿಯೂ ಟಿಕೆಟ್ ಇಲ್ಲ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಗೋಡೆ ಒಡೆದು ನುಗ್ಗಿದ ಕಡೆ ಹಾಕಿರುವ ಫಲಕವನ್ನು ದೊಡ್ಡ ಮಕ್ಕಳಿಂದ ಓದಿಸಿ. ಮುಂದೆ ಕೋಟೆ ವೆಂಕಟರಮಣನ ಗುಡಿ, ಅದರ ಪಕ್ಕದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ಹೈದರ್ ಅಲಿ ಶುರು ಮಾಡಿದ ಈ ಕಟ್ಟಡವನ್ನು 1791ರಲ್ಲಿ ಟಿಪ್ಪು ಮುಗಿಸಿದ. ತೇಗದ ಕಂಬಗಳ ನಡುವೆ ನಿಂತು ತಲೆ ಎತ್ತಿದರೆ ಮಾಸಿದ ಬಣ್ಣದ ಚಿತ್ತಾರ ಇನ್ನೂ ಕಾಣುತ್ತದೆ. ಇದು ಪುರಾತತ್ವ ಇಲಾಖೆಯ ಸ್ಮಾರಕವಾದ್ದರಿಂದ ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಬೇಡ. ದೊಡ್ಡವರ ಟಿಕೆಟ್ಟೂ ದೊಡ್ಡ ಮೊತ್ತವಲ್ಲ. ವಸಂತನಗರದ ಬೆಂಗಳೂರು ಅರಮನೆ ಖಾಸಗಿಯವರದು, ಅದರ ದರವೂ ಅದಕ್ಕೆ ತಕ್ಕಂತೆ ಇದೆ. ಮಕ್ಕಳಿಗೆ ಒಂದು ಅರಮನೆ ಸಾಕು.

ಮೂರನೆಯ ದಿನ ಭಾನುವಾರ ಬರುವ ಹಾಗೆ ನೋಡಿಕೊಳ್ಳಿ. ಕಬ್ಬನ್ ಪಾರ್ಕಿಗೆ ಪ್ರವೇಶ ಉಚಿತ, ಕೆಂಪು ಬಣ್ಣದ ಹೈಕೋರ್ಟು ಅಂಚಿನಲ್ಲೇ ಇದೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಮಾತ್ರ ಟಿಕೆಟ್ ತೆಗೆದುಕೊಳ್ಳಲು ಹಿಂಜರಿಯಬೇಡಿ. ಗುಂಡಿ ಒತ್ತಿ ನೋಡುವ ಯಂತ್ರಗಳ ಮುಂದೆ ಮಕ್ಕಳು ಅರ್ಧ ದಿನ ಕಳೆಯುತ್ತಾರೆ. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯೂ ಇದೆ. ಕತ್ತಲಾದ ಮೇಲೆ ವಿಧಾನಸೌಧದ ಎದುರು ಬನ್ನಿ. ಭಾನುವಾರ ಸಂಜೆ ಅದಕ್ಕೆ ದೀಪಾಲಂಕಾರ ಇರುತ್ತದೆ. ಬಾಗಿಲ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿರುವುದನ್ನು ತೋರಿಸಿ. ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ನೀವೇ ಹುಡುಕಿಕೊಳ್ಳಿ.

ಬನ್ನೇರುಘಟ್ಟಕ್ಕೆ ಹೋಗುವುದಾದರೆ ಅದಕ್ಕೊಂದು ಇಡೀ ದಿನ ಕೊಡಿ. ಮಂಗಳವಾರ ಬಾಗಿಲು ಹಾಕಿರುತ್ತದೆ. ಮೆಜೆಸ್ಟಿಕ್ಕಿನಿಂದ 365ನೇ ನಂಬರಿನ ಬಸ್ ಇದೆ. ಸೋಮವಾರವೂ ಎಚ್ಚರ: ನೆಹರೂ ತಾರಾಲಯಕ್ಕೂ ಅರಮನೆ ರಸ್ತೆಯ ಆಧುನಿಕ ಕಲೆಯ ಗ್ಯಾಲರಿಗೂ ಅಂದು ರಜೆ. ಮುಚ್ಚಿದ ಗೇಟಿನ ತನಕ ಆಟೋದಲ್ಲಿ ಹೋಗಿ ಬರುವಂಥ ದಂಡ ಮತ್ತೊಂದಿಲ್ಲ.

ಬಸ್ಸಿನ ವಿಷಯದಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ ಉಚಿತ. ಇದು ಬಿಎಂಟಿಸಿಗೂ ಅನ್ವಯಿಸುತ್ತದೆ, ನಿಮ್ಮೂರಿನಿಂದ ಇಲ್ಲಿಗೆ ಬರುವ ಸಾಮಾನ್ಯ ಬಸ್ಸಿಗೂ ಅನ್ವಯಿಸುತ್ತದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಗೆ ಸಿಗುವ ಹಾಗೆ ಇರಲಿ. ಕಂಡಕ್ಟರ್ ಬಂದಾಗ ಬ್ಯಾಗಿನ ತಳ ಕೆದಕುತ್ತಾ ಕೂರಬೇಡಿ. ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ. ಹಾಗಾಗಿ ಮನೆಯವರೆಲ್ಲರಿಗೂ ದಿನದ ಪಾಸ್ ಕೊಳ್ಳುವುದು ದಂಡ, ಗಂಡಸರಿಗೆ ಮಾತ್ರ ಸಾಕು. ಅದೂ ದಿನಕ್ಕೆ ಎರಡೇ ಸಲ ಹತ್ತಿ ಇಳಿಯುವುದಾದರೆ ಬೇಡ, ಬಿಡಿ ಟಿಕೆಟ್ಟೇ ಕಡಿಮೆಗೆ ಬರುತ್ತದೆ. ಆಟೋ ಹಿಡಿಯುವುದಾದರೆ ರಾತ್ರಿ ಹತ್ತರೊಳಗೆ ಮನೆ ಸೇರಿ, ಆಮೇಲೆ ಮೀಟರಿನ ಮೇಲೆ ಒಂದೂವರೆ ಪಟ್ಟು.

ಕುಡಿಯುವ ನೀರನ್ನು ಮನೆಯಿಂದಲೇ ಸ್ಟೀಲ್ ಬಾಟಲಿಯಲ್ಲಿ ತನ್ನಿ, ಜೊತೆಗೆ ಒಂದು ಡಬ್ಬಿ ಚಕ್ಕುಲಿ. ಬಲೂನು, ಬುಗುರಿ, ಗುಳ್ಳೆ ಊದುವ ಸಾಮಾನಿಗೆ ಮಕ್ಕಳ ಕೈಗೆ ಇಷ್ಟು ಎಂದು ಬೆಳಗ್ಗೆಯೇ ಕೊಟ್ಟುಬಿಡಿ. ತಮ್ಮದೇ ದುಡ್ಡಾದರೆ ಅವರೇ ಚೌಕಾಸಿ ಮಾಡುತ್ತಾರೆ.

ಮೆಟ್ರೋದಲ್ಲಿ ಸ್ಮಾರ್ಟ್ ಕಾರ್ಡಿಗೆ ರಿಯಾಯಿತಿ ಇದೆ, ಆದರೆ ಒಂದು ಕಾರ್ಡಿನಲ್ಲಿ ಒಬ್ಬರೇ ಹೋಗಬಹುದು. ಎರಡು ದಿನಕ್ಕೆಂದು ನಾಲ್ಕು ಹೊಸ ಕಾರ್ಡ್ ಕೊಂಡರೆ ಉಳಿಸಿದ್ದು ಕಾರ್ಡಿನ ಬೆಲೆಗೇ ಹೋಗುತ್ತದೆ. ಇಲ್ಲಿ ನೆಂಟರಿದ್ದರೆ ಅವರದನ್ನು ಕೇಳಿ ಪಡೆಯಿರಿ, ಹೊರಡುವಾಗ ನೀವು ಬಳಸಿದಷ್ಟನ್ನು ತುಂಬಿಸಿ ಹಿಂದಿರುಗಿಸಿ. ತುಂಬಿಸದೆ ಹೋದವರ ಹೆಸರು ನಮ್ಮ ಮನೆಯಲ್ಲಿ ಎಲ್ಲರಿಗೂ ನೆನಪಿರುತ್ತದೆ.