ಮೂರು ಸಿಲಿಂಡರ್ ಎಂಜಿನ್: ಮೊದಲು ಕೈಯಲ್ಲೇ ತಿರುಗಿಸಿ

ದೊಡ್ಡ ಮಾಡೆಲ್ ವಿಮಾನದ ಮೂತಿಯಲ್ಲಿ ರೇಡಿಯಲ್ ಎಂಜಿನ್ (ಸಿಲಿಂಡರ್‌ಗಳು ನಡುವಿನಿಂದ ಚಕ್ರದ ಕಡ್ಡಿಗಳ ಹಾಗೆ ಸುತ್ತ ಚಾಚಿರುವ ಎಂಜಿನ್) ಕೂರಿಸುವ ಆಸೆ ಯಾರಿಗಿಲ್ಲ? ಕೊಟ್ಟ ದುಡ್ಡಿನಲ್ಲಿ ಅರ್ಧ ಆ ಸದ್ದಿಗೇ. ಜಪಾನಿನ ಸೈಟೊ ಕಂಪನಿಯ ಎಫ್‌ಜಿ-60ಆರ್3 ಅಂಥದ್ದು. ಮೂರು ಸಿಲಿಂಡರ್, 60 ಸಿಸಿ, ಪೆಟ್ರೋಲಿನಲ್ಲಿ ಓಡುವ ಫೋರ್ ಸ್ಟ್ರೋಕ್. ಒಂದು ಸಿಲಿಂಡರ್ ಮೇಲಕ್ಕೆ, ಎರಡು ಕೆಳಕ್ಕೆ ಓರೆಯಾಗಿ ಇರುತ್ತವೆ. ತೊಂದರೆ ಶುರುವಾಗುವುದು ಆ ಕೆಳಗಿನ ಎರಡರಲ್ಲೇ.

ಇದಕ್ಕೆ ಬೈಕಿನ ಹಾಗೆ ಬೇರೆ ಆಯಿಲ್ ತುಂಬುವ ಜಾಗ ಇಲ್ಲ. ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. 20ಕ್ಕೆ 1 ಅಂದರೆ ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಎಂಜಿನ್ ನಿಂತ ಮೇಲೆ ಉಳಿದ ಎಣ್ಣೆ ಮೆಲ್ಲಗೆ ಕೆಳಗಿನ ಸಿಲಿಂಡರ್‌ಗಳಿಗೆ ಇಳಿಯುತ್ತದೆ. ಗಾಳಿಯನ್ನು ಒತ್ತಬಹುದು, ಎಣ್ಣೆಯನ್ನು ಒತ್ತಲಾಗದು. ಪಿಸ್ಟನ್ ಸಿಲಿಂಡರಿನ ತುದಿಗೆ ಬಂದು ಆ ಎಣ್ಣೆಗೆ ಢಿಕ್ಕಿ ಹೊಡೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನಾನೂ ಒಮ್ಮೆ ಅವಸರದಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಒತ್ತಿಬಿಟ್ಟೆ. "ಟಕ್" ಅಂತ ಒಂದೇ ಸದ್ದು. ಆ ಭಾನುವಾರ ಅಲ್ಲಿಗೆ ಮುಗಿಯಿತು.

ಹಾಗಾಗಿ ಮೊದಲು ಇಗ್ನಿಷನ್ ಬ್ಯಾಟರಿ ಆಫ್ ಮಾಡಿ. ಕೆಳಗಿನ ಎರಡೂ ಪ್ಲಗ್ ಬಿಚ್ಚಿ, ಬಟ್ಟೆ ಹಿಡಿದು, ಪ್ರೊಪೆಲರನ್ನು ಕೈಯಿಂದ ನಿಧಾನವಾಗಿ ಎಂಟ್ಹತ್ತು ಸುತ್ತು ತಿರುಗಿಸಿ. ಕಪ್ಪು ಎಣ್ಣೆ ತೊಟ್ಟಿಕ್ಕುತ್ತದೆ, ಹೋಗಲಿ. ಪ್ಲಗ್ ಹಾಕಿದ ಮೇಲೆ ಮತ್ತೆ ತಿರುಗಿಸಿ. ಎಲ್ಲಾದರೂ ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ, ಹಿಂದಕ್ಕೂ ತಿರುಗಿಸಬೇಡಿ. ಹಿಂದಕ್ಕೆ ತಿರುಗಿಸಿದರೆ ಎಣ್ಣೆ ಇನ್‌ಟೇಕ್ ಪೈಪಿಗೆ ಹೋಗಿ ಅಡಗಿ, ಮುಂದಿನ ಸುತ್ತಿಗೆ ವಾಪಸ್ ಬರುತ್ತದೆ. ಪ್ಲಗ್ ಮತ್ತೆ ಬಿಚ್ಚುವುದೇ ಸರಿ.

ಈಗ ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಣ್ಣ ಸಂದು. ಎಂಜಿನ್ ಪೂರ್ತಿ ತಣ್ಣಗಿರಬೇಕು. ರಾಕರ್ ಕವರ್ ತೆಗೆದು, ಆ ಸಿಲಿಂಡರಿನ ಪಿಸ್ಟನನ್ನು ಕಂಪ್ರೆಷನ್ನಿನ ತುದಿಗೆ ತನ್ನಿ. ಎರಡೂ ವಾಲ್ವ್ ಮುಚ್ಚಿದ್ದರೆ ಅದೇ ಜಾಗ. 0.03 ಮಿ.ಮೀ. ಫೀಲರ್ ಪಟ್ಟಿ (ಸಂದು ಅಳೆಯುವ ತೆಳು ತಗಡು) ಆ ಸಂದಿನೊಳಗೆ ಹೋಗಬೇಕು, 0.10 ಹೋಗಬಾರದು. ಮೂರಕ್ಕೂ ಹೀಗೇ ನೋಡಿ. ಪ್ರೊಪೆಲರ್ 240 ಡಿಗ್ರಿ ತಿರುಗಿದಾಗೊಂದು ಸಿಲಿಂಡರಿನಂತೆ ಹೊಡೆಯುವುದರಿಂದ (ಅಂದರೆ ಕಿಡಿ ಹತ್ತಿ ಉರಿಯುವುದರಿಂದ), ಎರಡು ಸುತ್ತಿನಲ್ಲಿ ಮೂರೂ ಸಿಗುತ್ತವೆ.

ಸ್ಟಾರ್ಟ್ ಮಾಡುವುದು ಸುಲಭ. ವಿಮಾನವನ್ನು ಗಟ್ಟಿಯಾಗಿ ಕಟ್ಟಿ. ಇಗ್ನಿಷನ್ ಆಫ್ ಇರುವಾಗಲೇ ಚೋಕ್ ಎಳೆದು, ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಬರುವವರೆಗೆ ತಿರುಗಿಸಿ. ಆಮೇಲೆ ಚೋಕ್ ಬಿಟ್ಟು, ಇಗ್ನಿಷನ್ ಹಾಕಿ ಸ್ಟಾರ್ಟ್ ಮಾಡಿ. ಪ್ರೊಪೆಲರಿನ ಮುಂದೆ, ಪಕ್ಕದಲ್ಲಿ ಯಾರೂ ನಿಲ್ಲಬಾರದು.

ಹತ್ತು ಸೆಕೆಂಡ್ ಓಡಿಸಿ ಆಫ್ ಮಾಡಿ. ಹಿಂದಿನಿಂದ ಬಂದು ಮೂರೂ ಎಕ್ಸಾಸ್ಟ್ ಪೈಪಿನ ಬುಡಕ್ಕೆ ಒಂದೊಂದು ಹನಿ ನೀರು ಬಿಡಿ. ಎರಡು ಚುಂಯ್ ಅಂದು ಒಂದು ಸುಮ್ಮನಿದ್ದರೆ, ಆ ಸಿಲಿಂಡರ್ ಹೊಡೆಯುತ್ತಿಲ್ಲ ಅಂತ ಅರ್ಥ. ಪ್ಲಗ್ ಕ್ಯಾಪ್ ಪೂರ್ತಿ ಕೂತಿದೆಯಾ ನೋಡಿ. ನನ್ನ ಅನುಭವದಲ್ಲಿ ಜಾಸ್ತಿ ಸಲ ಅದೇ ಕಾರಣ. ಕ್ಯಾಪ್ ಸರಿ ಇದ್ದರೆ ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಮುಚ್ಚದೆ ಇರಬಹುದು.

ಸಂಜೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ ಅಲ್ವಾ, ಅದು ನೀರು ಹೀರುತ್ತದೆ, ಕಾರ್ಬ್ಯುರೇಟರ್ ಒಳಗಿನ ಡಯಾಫ್ರಮ್ ಎಂಬ ತೆಳು ಪೊರೆಗೂ ಒಳ್ಳೆಯದಲ್ಲ. ಮನೆಗೆ ತಂದ ಮೇಲೆ ಎಂಜಿನ್ ಕೆಳಗೆ ಒಂದು ಹಳೇ ಬಟ್ಟೆ ಹಾಸಿ. ನೆಲದ ಮೇಲಿನ ಎಣ್ಣೆ ಕಲೆಗೆ ನಮ್ಮ ಮನೆಯಲ್ಲಿ ಇವತ್ತಿಗೂ ಕ್ಷಮೆ ಸಿಕ್ಕಿಲ್ಲ.